ದೋಣಿಯಿಂದ ಮೊದಲು ಇಳಿಯುವವರು

ನಾನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕುದ್ರಿಗೆ ಹೊರಟ ಯಾವ ಜೋಡಿಯೂ ನನ್ನಲ್ಲಿಗೆ ಬಾರದೆ ದೋಣಿ ಹತ್ತುತ್ತಿರಲಿಲ್ಲ. ಕುದ್ರು ಎಂದರೆ ನಮ್ಮೂರಿನ ಎದುರಿಗೆ, ನದಿ ಸಮುದ್ರ ಸೇರುವಲ್ಲಿ ಕಾಣುವ ದ್ವೀಪ. ಹೋಟೆಲು ಎಂದರೆ ದೋಣಿಕಟ್ಟೆಯ ಮೆಟ್ಟಿಲಿಗೆ ತಾಗಿಕೊಂಡ ಒಂದು ಹಂಚಿನ ಮಾಡು, ನಾಲ್ಕು ಬೆಂಚು, ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಮೀನಿನ ಊಟ. ಹೊಸದಾಗಿ ಮದುವೆಯಾದವರು ಬಂದು ಮೂಲೆಯ ಬೆಂಚಿನಲ್ಲಿ ಒತ್ತಿಕೊಂಡು ಕೂತರೆ ಸಾಕು, ನನಗೆ ಗೊತ್ತಾಗುತ್ತಿತ್ತು. ಚಹಾ ಇಡುತ್ತಲೇ ಕೇಳುತ್ತಿದ್ದೆ, "ಯಾರು ಮೊದಲು ಇಳಿಯುವುದು ಅಂತ ಮಾತಾಡಿಕೊಂಡಿದ್ದೀರಾ?" ಹುಡುಗಿ ಬಳೆ ತಿರುಗಿಸುತ್ತಿದ್ದಳು, ಹುಡುಗ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮಾತಾಡಿಕೊಂಡಿಲ್ಲ ಎಂದು ಅದರ ಅರ್ಥ.

ನಮ್ಮೂರಿನ ಕ್ರಮ ಅದು. ಕುದ್ರಿಗೆ ಗಂಡ ಹೆಂಡತಿ ಇಬ್ಬರೇ ಹೋಗಬೇಕು, ಒಂದು ರಾತ್ರಿ ಉಳಿದು ಬರಬೇಕು. ವಾಪಸು ಬಂದಾಗ ದೋಣಿಯಿಂದ ನಮ್ಮ ಕಟ್ಟೆಗೆ ಯಾರು ಮೊದಲು ಕಾಲಿಡುತ್ತಾರೋ ಅವರಿಗೆ ಅಲ್ಲಿ ಕಂಡದ್ದು, ತಿಂದದ್ದು, ಆಡಿದ ಮಾತು ಎಲ್ಲ ನೆನಪಿರುತ್ತದೆ. ಆಮೇಲೆ ಇಳಿದವರಿಗೆ ಏನೂ ಉಳಿಯುವುದಿಲ್ಲ. ಹೋಗುವಾಗ ದೋಣಿ ಹತ್ತಿದ್ದು ಗೊತ್ತು, ಬಂದು ಕಟ್ಟೆಯ ಮೇಲೆ ನಿಂತದ್ದು ಗೊತ್ತು, ನಡುವಿನದ್ದು ಇಲ್ಲ. ಹಾಗಾಗಿ ಮೊದಲು ಇಳಿದವರು ಇನ್ನೊಬ್ಬರಿಗೆ ಹೇಳಬೇಕು, ಜೀವ ಇರುವ ತನಕ ಹೇಳುತ್ತಲೇ ಇರಬೇಕು. ನಮ್ಮಲ್ಲಿ ಸಂಸಾರ ನಡೆಯುವುದೇ ಹಾಗೆ. ಸಂಜೆ ಹೊತ್ತು ಯಾವ ಮನೆಯ ಎದುರು ಹೋದರೂ "ಆ ದಿನ ಅಲ್ಲಿ ನಾನು ಎಂತ ಹೇಳಿದೆ?" ಎಂದು ಒಂದು ದನಿ ಕೇಳುತ್ತದೆ, ಇನ್ನೊಂದು ದನಿ ಹೇಳುತ್ತದೆ. ಹೇಳುವ ದನಿ ನಿಂತಿದ್ದರೆ ಆ ಮನೆಯಲ್ಲಿ ಜಗಳವಾಗಿದೆ ಎಂದು ಓಣಿಗೆಲ್ಲ ತಿಳಿಯುತ್ತದೆ. ಮೊದಲು ಇಳಿಯುವವನು ಗಂಡ ಎಂಬುದು ಹಿಂದಿನವರು ಮಾಡಿಟ್ಟದ್ದು. ಈಗಿನ ಹುಡುಗಿಯರು ಅದನ್ನು ಒಪ್ಪುವುದಿಲ್ಲ, ಅದಕ್ಕಾಗಿ ಮದುವೆಯ ಮಾತುಕತೆಯೇ ಮುರಿದದ್ದೂ ಉಂಟು. ಮುರಿಯಲಿ, ನನಗೇನೂ ಬೇಸರವಿಲ್ಲ.

ಜೋಡಿಗಳಿಗೆ ನಾನು ಹೇಳಿಕೊಡುತ್ತಿದ್ದದ್ದು ಈಗಲೂ ಬಾಯಿಪಾಠ. ಕುದ್ರಿನಲ್ಲಿ ಇಳಿದ ಕೂಡಲೇ ಎಡಕ್ಕೆ ಹೋಗಿ. ಬಲಕ್ಕೆ ಒಣಮೀನಿನ ಚಪ್ಪರ, ಹೊಸ ಸೀರೆಗೆ ವಾಸನೆ ಹಿಡಿಯುತ್ತದೆ. ಎಡದಲ್ಲಿ ಸ್ವಲ್ಪ ನಡೆದರೆ ಸೆವ್ರಿನ ಬಾಯಿ ಎಂಬವರ ಮನೆ, ಅವರ ಕೈಯ ಮರುವಾಯಿ ಸುಕ್ಕ ಮತ್ತು ಅಕ್ಕಿಯ ಪುಂಡಿ ತಿನ್ನದೆ ಬಂದರೆ ಹೋದದ್ದೇ ದಂಡ. ಮರುವಾಯಿಯ ಚಿಪ್ಪನ್ನು ಕೈಯಿಂದಲೇ ಬಿಡಿಸಿ ತಿನ್ನಿ, ನಾಚಿಕೊಂಡರೆ ಹೊಟ್ಟೆ ತುಂಬುವುದಿಲ್ಲ. ಬಿಸಿಲು ಇಳಿದ ಮೇಲೆ ದೀಪಸ್ತಂಭ ಹತ್ತಿ, ಊಟವಾದ ಕೂಡಲೇ ಬೇಡ, ಮೆಟ್ಟಿಲು ಸುರುಳಿ ಸುರುಳಿಯಾಗಿ ತಲೆ ತಿರುಗುತ್ತದೆ. ಪಶ್ಚಿಮದ ದಂಡೆಯಲ್ಲಿ ಮರಳನ್ನು ಕೈಯಿಂದ ತೋಡಿದರೆ ಸಿಹಿನೀರು ಬರುತ್ತದೆ, ಅದನ್ನು ಕುಡಿಯಲೇಬೇಕು. ಮರುದಿನ ಬೆಳಿಗ್ಗೆ ಎಲೆಯಲ್ಲಿ ಬೇಯಿಸಿದ ಮೂಡೆ ಮತ್ತು ಬಂಗುಡೆ ಮೀನಿನ ಪುಳಿಮುಂಚಿ ತಿಂದು ಗಾಳಿಬಂಡೆಗೆ ಹೋಗಿ. ಅದು ತೆಂಗಿನ ಮರದಷ್ಟು ಎತ್ತರ. ಅದರ ಮೇಲೆ ನಿಂತು ಮನಸ್ಸಲ್ಲಿದ್ದದ್ದನ್ನು ಕೂಗಿ ಹೇಳಿ, ಸಮುದ್ರಕ್ಕೆ ಕೇಳಿದರೆ ಸಾಕು. ಇಷ್ಟು ಹೇಳಿ ಮುಗಿಸುವಾಗ ಹುಡುಗಿಯ ಮುಖದಲ್ಲಿ ಬೆಳಕು ಬಂದಿರುತ್ತಿತ್ತು.

ಇದನ್ನೆಲ್ಲ ನಾನು ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದೆ. ಆದರೆ ನನ್ನ ತಲೆಯಲ್ಲಿ ಕುದ್ರಿನ ಒಂದು ಹಿಡಿ ಮರಳೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ನಾವು ಹೋಗಿದ್ದೆವು, ಇವರು ಮೊದಲು ಇಳಿದರು, ನಾನು ಆಮೇಲೆ. ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿ ಕಟ್ಟೆಯಲ್ಲಿ ನಿಂತದ್ದರಿಂದ ಹಿಡಿದು ನನಗೆ ನೆನಪು. ಮಿಕ್ಕದ್ದೆಲ್ಲ ಇವರು ಹೇಳಿದ್ದು. ಇವರು ಎಂದರೆ ನನ್ನ ಗಂಡ ದೂಮಪ್ಪ. ಹೋಟೆಲಿನ ಜಗಲಿಯಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದರು. ಕೊಡೆಗಿಂತ ಮಾತೇ ಹೆಚ್ಚು ಬಿಚ್ಚುತ್ತಿದ್ದರು ಎಂದು ಜನ ತಮಾಷೆ ಮಾಡುತ್ತಿದ್ದರು. ಇವರು ತೀರಿಕೊಂಡು ಕೆಲವು ಮಳೆಗಾಲ ಕಳೆದಿವೆ. ಈಗಲೂ ಯಾರಾದರೂ ಕೊಡೆ ಬಿಡಿಸಿದ ಸದ್ದಿಗೆ ನಾನು ಜಗಲಿಯ ಕಡೆ ತಿರುಗುತ್ತೇನೆ.

ಕೆಲವು ಜೋಡಿಗಳು ವಾಪಸು ಬಂದು ದೂರುತ್ತಿದ್ದರು. "ಎಡಕ್ಕೆ ಹೋದೆವು ವಾರಿಜಕ್ಕ, ಅಲ್ಲಿ ಬರೀ ಮುಳ್ಳಿನ ಪೊದೆ ಉಂಟು." ನಾನು ಇವರನ್ನು ಕೇಳಿದರೆ ಕೊಡೆಯ ಕಡ್ಡಿಯಿಂದ ತಲೆ ಎತ್ತುತ್ತಿರಲಿಲ್ಲ. "ಎಡ ಬಲ ಗೊತ್ತಿಲ್ಲದವರಿಗೆ ಮದುವೆ ಯಾಕೆ ಮಾರಾಯ್ತಿ," ಎನ್ನುತ್ತಿದ್ದರು. ನಾನು ನಂಬುತ್ತಿದ್ದೆ. ಸರಿಯಾಗಿ ದಾರಿ ಹಿಡಿಯಲು ಬಾರದವರು ಎಂದು ಆ ಜೋಡಿಗಳನ್ನೇ ಬೈಯುತ್ತಿದ್ದೆ.

ಆದರೆ ನನಗೆ ಬೇಕಾಗಿದ್ದದ್ದು ಸೆವ್ರಿನ ಬಾಯಿಯ ಸುಕ್ಕವೂ ಅಲ್ಲ, ದೀಪಸ್ತಂಭವೂ ಅಲ್ಲ. ಮದುವೆಯಾಗಿ ಬಂದಾಗ ನಾನು ಬಾಯಿ ಇಲ್ಲದವಳು. ಅತ್ತೆ ಕೆಮ್ಮಿದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಕುದ್ರಿನಿಂದ ಬಂದ ಮರುದಿನ ಬಾವಿಕಟ್ಟೆಯಲ್ಲಿ ಇವರನ್ನು ಮೆಲ್ಲಗೆ ಕೇಳಿದೆ, "ನಾನು ಅಲ್ಲಿ ಹೇಗಿದ್ದೆ?" ಇವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು, "ನೀನಾ? ಗಾಳಿಬಂಡೆಯ ತುದಿಗೆ ನನಗಿಂತ ಮೊದಲು ಹತ್ತಿದವಳು ನೀನು. ಮೇಲೆ ನಿಂತು, ನಾನು ಯಾರಿಗೂ ಹೆದರುವವಳಲ್ಲ ಅಂತ ಕೂಗಿದ್ದಿ. ನನಗೇ ಹೆದರಿಕೆ ಆಯ್ತು." ಆ ಮಾತು ಕೇಳಿ ನನಗೆ ಕೈಕಾಲಿಗೆ ಹೊಸ ರಕ್ತ ಬಂದ ಹಾಗಾಯಿತು. ಅಂಥವಳೊಬ್ಬಳು ನನ್ನೊಳಗೆ ಇದ್ದಾಳೆ, ನನಗೆ ನೆನಪಿಲ್ಲ ಅಷ್ಟೇ ಎಂದುಕೊಂಡೆ. ದೋಣಿಕಟ್ಟೆಯಲ್ಲಿ ಹೋಟೆಲು ಇಡುತ್ತೇನೆ ಎಂದಾಗ ಅತ್ತೆ ಮನೆ ಹಾರಿಹೋಗುವಷ್ಟು ಕೂಗಾಡಿದರು. ನಾನು ಬಂಡೆಯ ಮೇಲಿನವಳನ್ನು ನೆನೆದುಕೊಂಡು ನಿಂತೆ. ಅತ್ತೆಗೇ ಸಾಕಾಯಿತು. ಹೋಟೆಲು ಎದ್ದಿತು, ಕೊನೆಕೊನೆಗೆ ಅತ್ತೆಯೇ ಗಲ್ಲಾಪೆಟ್ಟಿಗೆಯ ಎದುರು ಕೂತು ಗಿರಾಕಿಗಳನ್ನು ಗದರಿಸುತ್ತಿದ್ದರು.

ಅವಳನ್ನು ಒಮ್ಮೆ ನಾನೇ ನೋಡಬೇಕು ಎಂಬ ಆಸೆ ವಯಸ್ಸಾದ ಹಾಗೆ ಬಲಿಯಿತು. ಹಳೆಯದು ಮರಳಿ ಸಿಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಇನ್ನೊಮ್ಮೆ ಹೋಗಿ, ಅದೇ ಬಂಡೆ ಹತ್ತಿ, ಈ ಸಲ ನಾನು ಮೊದಲು ಇಳಿದರೆ ಆ ಜಾಗವಾದರೂ ನನ್ನದಾಗುತ್ತದೆ. ಎರಡನೆಯ ಸಲ ಹೋಗಬಾರದು ಎಂದು ಕ್ರಮವೇನೂ ಇರಲಿಲ್ಲ. ಕೇಳಿದಾಗಲೆಲ್ಲ ಇವರು ಒಂದು ನೆವ ತೆಗೆಯುತ್ತಿದ್ದರು. ಮಳೆಗಾಲದ ಮುಂಚೆ ಕೊಡೆಯ ಕೆಲಸ ಜಾಸ್ತಿ, ಮಳೆಗಾಲದಲ್ಲಿ ದೋಣಿ ಇಲ್ಲ, ಮಳೆಗಾಲ ಕಳೆದ ಮೇಲೆ ಸೊಂಟ ನೋವು. ಹೀಗೆ ವರ್ಷಗಳು ಹೋದವು.

ಕೊನೆಗೆ ಮಾತು ತೆಗೆದವನು ದೋಣಿಯ ಹಸನಬ್ಬ. ಅವನ ತಂದೆಯ ಕಾಲದಿಂದ ದೋಣಿ ಅವರದ್ದೇ. ಒಂದು ದಿನ ಚಹಾ ಕುಡಿಯುತ್ತಾ, ಇವರು ಜಗಲಿ ಇಳಿಯುವುದನ್ನು ನೋಡಿ ಹೇಳಿದ. "ವಾರಿಜಕ್ಕ, ದೂಮಣ್ಣನ ಮೊಣಕಾಲು ಹೋಯ್ತು. ಹೋಗುವುದಿದ್ದರೆ ಈ ಸಲವೇ ಹೋಗಿ. ದೋಣಿಯಿಂದ ಇಳಿಯುವ ಹಲಗೆಯ ಮೇಲೆ ಒಬ್ಬರೇ ನಡೆಯಲಿಕ್ಕೆ ಆಗದವರನ್ನು ನಾನು ಹತ್ತಿಸುದಿಲ್ಲ." ಅದರಲ್ಲಿ ಅವನ ತಪ್ಪಿಲ್ಲ. ಕೈ ಹಿಡಿದುಕೊಂಡು ಇಬ್ಬರೂ ಒಟ್ಟಿಗೆ ಇಳಿದರೆ ಇಬ್ಬರಿಗೂ ನೆನಪಿರುವುದಿಲ್ಲ. ಅಂಥವರನ್ನು ಊರು ಖಾಲಿ ಜೋಡಿ ಎನ್ನುತ್ತದೆ. ಅವರ ಮನೆಯ ಹುಡುಗಿಯನ್ನು ತರುವುದಕ್ಕೂ ಜನ ಹಿಂದೆ ಮುಂದೆ ನೋಡುತ್ತಾರೆ, ಸಂಜೆ ಅವರ ಮನೆಯಿಂದ ಯಾವ ದನಿಯೂ ಬರುವುದಿಲ್ಲ.

ಆ ದಿನವೇ ನಾನು ಹಟ ಹಿಡಿದೆ. ಊರಿಗೆಲ್ಲ ದಾರಿ ಹೇಳಿಕೊಟ್ಟವಳು ನನ್ನ ಪ್ರವಾಸವನ್ನು ನಾನೇ ಗೊತ್ತುಮಾಡಿದೆ. ಮೊದಲ ಮಧ್ಯಾಹ್ನ ಎಲ್ಲಿ, ರಾತ್ರಿ ಎಲ್ಲಿ, ಮರುದಿನ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂಡೆ. ಇವರು ಎದುರು ಕೂತು ಕೇಳುತ್ತಿದ್ದರು. ಮುಖದ ಬಣ್ಣ ಇಳಿದಿತ್ತು. "ಅಲ್ಲಿ ಈಗ ಎಲ್ಲ ಬದಲಾಗಿರ್ತದೆ ವಾರಿಜಾ," ಎಂದರು. "ಆಗಲಿ, ನೋಡುವ," ಎಂದೆ. "ಈ ಸಲ ನಾನು ಮೊದಲು ಇಳಿಯುವುದು." ಇವರು ಒಂದು ಕೊಡೆಯನ್ನು ಬಿಡಿಸಿ ಮಡಚಿದರು, ಮತ್ತೆ ಬಿಡಿಸಿದರು. "ಇಳಿ, ನೀನೇ ಇಳಿ," ಎಂದರು.

ಕುದ್ರಿನಲ್ಲಿ ಇಳಿದು ನಾನು ಹೊಸ ಚಪ್ಪಲಿಯಲ್ಲಿ ಜೋರಾಗಿ ಎಡಕ್ಕೆ ನಡೆದೆ. ಮುಳ್ಳಿನ ಪೊದೆ. ಇನ್ನೂ ಸ್ವಲ್ಪ ಹೋದೆ, ಮತ್ತೂ ಪೊದೆ. ಚಪ್ಪಲಿಗೆ ಮುಳ್ಳು ಚುಚ್ಚಿಕೊಂಡು ಬಲಕ್ಕೆ ಬಂದರೆ ಒಂದು ಊಟದ ಮನೆ ಇತ್ತು, ಒಣಮೀನಿನ ಚಪ್ಪರ ಎಲ್ಲೂ ಇರಲಿಲ್ಲ. ಬಡಿಸಲು ಬಂದ ಹೆಂಗಸನ್ನು ಸೆವ್ರಿನ ಬಾಯಿ ಎಲ್ಲಿ ಎಂದು ಕೇಳಿದೆ. "ಆ ಹೆಸರಿನವರು ಇಲ್ಲಿ ಯಾರೂ ಇರಲಿಲ್ಲ ಅಮ್ಮ. ಬೇಕಾದಷ್ಟು ಜನ ಬಂದು ಕೇಳ್ತಾರೆ, ಯಾರು ಹೇಳಿಕೊಡ್ತಾರೋ," ಎಂದಳು. ನಾನು ಇವರ ಮುಖ ನೋಡಿದೆ. ಇವರು ಅನ್ನದಲ್ಲಿ ಬೆರಳಾಡಿಸುತ್ತಿದ್ದರು. ಊಟವೇನೋ ಚೆನ್ನಾಗಿತ್ತು, ಮರುವಾಯಿ ಬದಲು ಏಡಿ, ಪುಂಡಿಯ ಬದಲು ಕುಚ್ಚಲಕ್ಕಿ ಅನ್ನ. ನನಗೆ ರುಚಿ ಹತ್ತಲಿಲ್ಲ.

ದೀಪಸ್ತಂಭ ನೋಡುವ ತಾಳ್ಮೆ ನನಗೆ ಉಳಿದಿರಲಿಲ್ಲ. ನೇರ ಗಾಳಿಬಂಡೆಗೆ ಹೋಗುವ ಎಂದೆ. ದಾರಿ ಇವರಿಗೆ ಗೊತ್ತಿರಲಿಲ್ಲ, ಬಲೆ ಒಣಗಿಸುತ್ತಿದ್ದವನನ್ನು ಕೇಳಿ ಹೋದೆವು. ಗಾಳಿಬಂಡೆ ನನ್ನ ಸೊಂಟದವರೆಗೂ ಬರಲಿಲ್ಲ. ಅದರ ಮೇಲೆ ಯಾರೋ ಟವೆಲು ಒಣಗಲು ಹಾಕಿದ್ದರು. ಎರಡು ಹೊಸ ಜೋಡಿಗಳು ಅದಕ್ಕೆ ಒರಗಿಕೊಂಡು ಎಳನೀರು ಕುಡಿಯುತ್ತಿದ್ದರು.

"ಇದನ್ನು ಹತ್ತುವುದಕ್ಕೆ ನಿಮಗಿಂತ ಮುಂದೆ ಹೋದೆನಾ ನಾನು?" ಎಂದು ಕೇಳಿದೆ.

ಇವರು ಮರಳಿನ ಮೇಲೆ ಕೂತುಬಿಟ್ಟರು. "ನನಗೆ ಎಂತದೂ ಗೊತ್ತಿಲ್ಲ ವಾರಿಜಾ," ಎಂದರು. "ಆಮೇಲೆ ಹಸನಬ್ಬನ ಅಪ್ಪ ಗುಟ್ಟಾಗಿ ಹೇಳಿದ್ದು, ಆ ದಿನ ನಾನು ಹಲಗೆಯ ಮೇಲೆ ಮುಂದೆ ಇದ್ದೆನಂತೆ. ದೋಣಿ ಅಲ್ಲಾಡಿತಂತೆ, ನೀನು ಜಾರಿದೆ, ನಾನು ತಿರುಗಿ ಹಿಡಿದೆ. ಇಬ್ಬರೂ ಒಟ್ಟಿಗೆ ನೀರಿಗೆ ಬಿದ್ದದ್ದು. ಇಬ್ಬರ ಕಾಲೂ ಒಟ್ಟಿಗೇ ನೆಲಕ್ಕೆ ತಾಗಿತು. ಮೆಟ್ಟಿಲು ಹತ್ತುವಾಗ ನನ್ನ ತಲೆ ಖಾಲಿ. ಮೇಲೆ ಅಮ್ಮ, ನೆರೆಕರೆಯವರು ಎಲ್ಲ ನಿಂತಿದ್ದಾರೆ, ಎಂತ ನೋಡಿದಿ ಎಂತ ನೋಡಿದಿ ಅಂತ ಕೇಳ್ತಾರೆ. ಖಾಲಿ ಅಂತ ಹೇಗೆ ಹೇಳುವುದು? ನೀನು ಬಂದ ಹೊಸತು, ಪಾಪ, ನಿನ್ನ ಕಾಲ್ಗುಣ ಅಂತ ಎಲ್ಲ ನಿನ್ನ ತಲೆಗೇ ಕಟ್ಟುತ್ತಿದ್ದರು. ಅವರಿವರು ಹೇಳಿದ್ದು ಕೇಳಿದ್ದೆನಲ್ಲ, ಅದನ್ನೇ ಕಲಸಿ ಹೇಳಿದೆ."

"ಮತ್ತೆ ನಾನು ಕೂಗಿದ್ದು?"

"ಅದು ಯಾರೂ ಹೇಳಿದ್ದಲ್ಲ. ಬಾವಿಕಟ್ಟೆಯಲ್ಲಿ ನೀನು ಕೇಳಿದಾಗ ಕೊಡಪಾನ ಹಿಡಿದ ನಿನ್ನ ಕೈ ನಡುಗುತ್ತಿತ್ತು. ಅದನ್ನು ನೋಡಿ ಬಾಯಿಗೆ ಬಂತು, ಹೇಳಿದೆ."

ನನಗೆ ಬಂದ ಸಿಟ್ಟು ಹೇಳಿ ಪ್ರಯೋಜನವಿಲ್ಲ. ದಾರಿ ತಪ್ಪಿದ ಎಷ್ಟು ಜೋಡಿಗಳನ್ನು ನಾನು ದಡ್ಡರೆಂದು ಬೈದಿದ್ದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಯಾರನ್ನು ನೆನೆದು ನಾನು ನೆಟ್ಟಗೆ ನಿಂತೆನೋ ಅವಳು ಇರಲೇ ಇಲ್ಲ. ನನಗೆ ಅವಳು ಸತ್ತಷ್ಟೇ ದುಃಖವಾಯಿತು. ಟವೆಲನ್ನು ಎಳೆದು ಬಿಸಾಡಿ ಬಂಡೆಯ ಮೇಲೆ ಹತ್ತಿ ನಿಂತು ಇವರಿಗೆ ಬೈಯತೊಡಗಿದೆ. ಏನು ಬೈದೆ ಎಂದು ಬರೆಯುವಂತಿಲ್ಲ. ಇವರ ಕೊಡೆ, ಇವರ ನಾಲಿಗೆ, ಇವರ ಇಡೀ ವಂಶ, ಯಾವುದನ್ನೂ ಬಿಡಲಿಲ್ಲ. ಎಳನೀರು ಕುಡಿಯುತ್ತಿದ್ದವರು ಮೆಲ್ಲಗೆ ಎದ್ದು ದೂರ ಹೋದರು. ಬಲೆಯವನು ಬಲೆ ಬಿಟ್ಟು ನೋಡುತ್ತಾ ನಿಂತ. ನಾನು ಅವನಿಗೂ ಎರಡು ಮಾತು ಹೇಳಿದೆ.

ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಇವರು ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಸಣ್ಣ ನಗೆ. "ಇದೇ, ಹೀಗೇ ಅಂತ ನಾನು ಹೇಳಿದ್ದು," ಎಂದರು.

ಸಿಟ್ಟಿನ ನಡುವೆ ನಗು ಬಂದರೆ ಅದರಷ್ಟು ಕಷ್ಟ ಇನ್ನೊಂದಿಲ್ಲ. ತಡೆದುಕೊಂಡೆ, ಆಗಲಿಲ್ಲ. ಬಂಡೆಯ ಮೇಲೆಯೇ ಕೂತು ನಕ್ಕೆ, ಆಮೇಲೆ ಅಳು ಬಂತು, ಇವರು ಪಕ್ಕಕ್ಕೆ ಬಂದು ಕೂತರು. ಆ ಸಂಜೆ ನಮ್ಮಿಬ್ಬರಿಗೂ ಕುದ್ರು ಹೊಸದು. ಯಾರ ಸಲಹೆಯೂ ಇಲ್ಲದೆ ಕಾಲು ಹೋದಲ್ಲಿ ಹೋದೆವು. ಮರಳು ತೋಡಿದೆವು, ಬಂದದ್ದು ಉಪ್ಪುನೀರು, ಇವರು ಮುಖ ಕಿವುಚಿದರು. ದೀಪಸ್ತಂಭದ ಬಾಗಿಲಿಗೆ ಬೀಗ ಇತ್ತು, ಅದರ ಕಟ್ಟೆಯಲ್ಲಿ ಕೂತು ಒಬ್ಬ ಮುದುಕಿ ಮಾರುತ್ತಿದ್ದ ಬೇಯಿಸಿದ ಗೆಣಸು ತಿಂದೆವು. ಬೆಲ್ಲ ಹಾಕಿದ ತೆಂಗಿನ ಹಾಲಿನಲ್ಲಿ ಅದ್ದಿ ಕೊಡುತ್ತಿದ್ದಳು. ಇವರು ಮೂರು ಸಲ ಹಾಕಿಸಿಕೊಂಡರು. ನಲವತ್ತು ವರ್ಷ ಕುದ್ರಿನ ಊಟ ವರ್ಣಿಸಿದ ಮನುಷ್ಯ ಅಲ್ಲಿ ಮೊದಲ ಸಲ ತಿನ್ನುವವರ ಹಾಗೆ ತಿಂದರು. 

ಮರುದಿನ ದೋಣಿ ಕಾಯುವಾಗ ಹೇಳಿದೆ, "ನೀವೇ ಮೊದಲು ಇಳಿಯಿರಿ. ಒಂದು ಸಲವಾದರೂ ನಿಮಗೆ ನಿಜದ್ದು ಸಿಗಲಿ."

ಇವರು ತಲೆ ಅಲ್ಲಾಡಿಸಿದರು. "ಬೇಡ. ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ನೀನು ಹೇಳು, ನಾನು ಕೂತು ಕೇಳ್ತೇನೆ." ನಾನು ಎಷ್ಟು ಒತ್ತಾಯಿಸಿದರೂ ಒಪ್ಪಲಿಲ್ಲ. ನಮ್ಮ ಕಟ್ಟೆಗೆ ಬಂದ ಮೇಲೆ ದೋಣಿಯ ಅಡ್ಡಹಲಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತುಬಿಟ್ಟರು. ಹಸನಬ್ಬ ಕೂಗಾಡತೊಡಗಿದ. ನಾನು ಇಳಿದೆ.

ಇಳಿದು ತಿರುಗಿ ನೋಡಿದೆ. ಇವರು ಹಲಗೆಯ ಮೇಲೆ ಮೊಣಕಾಲನ್ನು ಎಳೆದುಕೊಂಡು ಒಬ್ಬರೇ ಬರುತ್ತಿದ್ದರು. ಮುಖ ನಿರಾಳವಾಗಿತ್ತು, ದೊಡ್ಡ ಭಾರವನ್ನು ಇಳಿಸಿದವರ ಮುಖ. ಕಾಲು ಕಟ್ಟೆಗೆ ತಾಗಿತು. ಅವರು ಸುತ್ತ ನೋಡಿದರು, ನನ್ನನ್ನು ನೋಡಿದರು, ಆ ನಿರಾಳ ಮಾಯವಾಗಿ, ಹೊರಡುವ ಮುಂಚಿನ ಅದೇ ಬಣ್ಣಗೆಟ್ಟ ಮುಖ ಬಂತು. ಆಗಲೇ ನನಗೆ ಹೊಳೆದದ್ದು. ತಾನು ನನ್ನೆದುರು ಎಲ್ಲವನ್ನೂ ಒಪ್ಪಿಕೊಂಡದ್ದು ಇವರಿಗೆ ಗೊತ್ತಿಲ್ಲ. ನಾನು ಎಲ್ಲ ಕಂಡು ಬಂದೆ ಎಂಬುದು ಮಾತ್ರ ಗೊತ್ತು.

ಮನೆ ತಲುಪುವವರೆಗೆ ಇವರು ಮಾತಾಡಲಿಲ್ಲ. ಅಷ್ಟು ಮಾತಿನ ಮನುಷ್ಯ. ಸಂಜೆ ಜಗಲಿಯಲ್ಲಿ ಕೂತು ಯಾರದ್ದೋ ಕೊಡೆಗೆ ನೂಲು ಪೋಣಿಸುತ್ತಿದ್ದರು, ನೂಲು ಸೂಜಿಗೆ ಹೋಗುತ್ತಿರಲಿಲ್ಲ. ನಾನು ಚಹಾ ತಂದಿಟ್ಟೆ. ನನ್ನ ಕಡೆ ನೋಡದೆಯೇ ಕೇಳಿದರು, "ಹೇಗಿತ್ತು? ನಾನು ಹೇಳಿದ ಹಾಗೆಯೇ ಇತ್ತಾ?"

ನಿಜವೆಲ್ಲ ನನ್ನ ಬಾಯಲ್ಲೇ ಇತ್ತು. ಹೇಳಿದ್ದರೆ ಇವರು ಇನ್ನೊಮ್ಮೆ ತಲೆ ತಗ್ಗಿಸಬೇಕಿತ್ತು, ಈ ಸಲ ಬಂಡೆಯೂ ಇಲ್ಲ, ನಗುವೂ ಇಲ್ಲ. ನಾನು ಸೂಜಿಯನ್ನು ಅವರ ಕೈಯಿಂದ ತೆಗೆದುಕೊಂಡು ನೂಲು ಪೋಣಿಸಿದೆ.

"ಹಾಗೆಯೇ ಇತ್ತು," ಎಂದೆ.

ಇವರು ಬಿಟ್ಟ ಉಸಿರು ನನಗೆ ಕೇಳಿಸಿತು. ಚಹಾದ ಲೋಟ ಎತ್ತಿದರು. ಒಂದು ಗುಟುಕು ಕುಡಿದದ್ದೇ ತಡ, ಹಳೆಯ ಮನುಷ್ಯ ವಾಪಸು ಬಂದ. "ಮತ್ತೆ ನಾವು ಎಂತ ಮಾಡಿದೆವು? ಸರಿಯಾಗಿ ಹೇಳು, ನಿನಗೆ ಹೇಳಲಿಕ್ಕೆ ಅಭ್ಯಾಸ ಇಲ್ಲ," ಎಂದರು. ಗೆಣಸಿನ ವಿಷಯ ಹೇಳಿದೆ, ಮೂರು ಸಲ ತಿಂದದ್ದು ಕೇಳಿ ಖುಷಿಪಟ್ಟರು. ಆಮೇಲೆ ಬಾಯಿ ತಪ್ಪಿ, ನಾನು ಬಂಡೆಯ ಮೇಲೆ ನಿಂತು ನಿಮಗೆ ಬೈದೆ ಎಂದುಬಿಟ್ಟೆ.

"ಬೈದದ್ದಾ? ಯಾಕೆ?"

ನಾನು ಜೀವನದಲ್ಲಿ ಮೊದಲ ಸಲ ಒಂದು ಕಥೆ ಕಟ್ಟಿದೆ. "ನೀವು ತುದಿಯಲ್ಲಿ ಕಾಲು ಜಾರಿದಿರಿ. ಅಷ್ಟು ಎತ್ತರ. ನನಗೆ ಹೆದರಿಕೆಯಾಯಿತು, ಅದಕ್ಕೆ ಬೈದೆ."

ಇವರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಬಾವಿಕಟ್ಟೆಯಲ್ಲಿ ನೋಡಿದ ಹಾಗೆಯೇ, ತುಂಬ ಹೊತ್ತು.

"ನಿನಗೆ ಎಂತ ಹೆದರಿಕೆ ಮಾರಾಯ್ತಿ? ಯಾರಿಗೂ ಹೆದರುವವಳಲ್ಲ ಅಂತ ಅದೇ ಬಂಡೆಯ ಮೇಲೆ ನಿಂತು ನೀನೇ ಹೇಳಿದ್ದಲ್ವಾ?"

"ಹೌದು," ಎಂದೆ. "ಹೇಳಿದ್ದೆ."